ಅಜ್ಜಿಯ ಗೂಡಿನ ಕೆಂಪು ದೀಪ

ನಮ್ಮ ಮನೆಯ ತುಪ್ಪದ ಬಾಟಲಿಯ ಮೇಲೆ ಯಾವಾಗಲೂ ಒಂದು ಸುಣ್ಣದ ಗೆರೆ ಇರುತ್ತಿತ್ತು. ಅಜ್ಜಿ ಎಲೆಅಡಿಕೆ ಹಾಕಿಕೊಂಡ ಮೇಲೆ ಬೆರಳ ತುದಿಯಲ್ಲಿ ಉಳಿದ ಸುಣ್ಣವನ್ನು ತಂದು, ತುಪ್ಪ ಎಲ್ಲಿಯವರೆಗಿದೆಯೋ ಅಲ್ಲಿಗೆ ಸರಿಯಾಗಿ ಗೀಟು ಹಾಕುತ್ತಿದ್ದಳು. ಅಕ್ಕಿ ಡ್ರಮ್ಮಿನೊಳಗೆ ಅಂಗೈ ಒತ್ತಿ ಗುರುತು ಮಾಡಿಡುತ್ತಿದ್ದಳು. ಬೆಲ್ಲದ ಅಚ್ಚನ್ನು ಸುತ್ತಿದ ಕಾಗದದ ಮಡಿಕೆಯೊಳಗೆ ತನ್ನ ತಲೆಯ ಒಂದು ಬಿಳಿ ಕೂದಲನ್ನು ಸಿಕ್ಕಿಸಿರುತ್ತಿದ್ದಳು. ಯಾರಾದರೂ ಬಿಚ್ಚಿದರೆ ಅದು ಬೀಳಬೇಕು, ಅವಳಿಗೆ ತಿಳಿಯಬೇಕು. ಅಜ್ಜಿಯೊಬ್ಬಳನ್ನೇ ಅಂದು ಪ್ರಯೋಜನವಿಲ್ಲ. ಅಪ್ಪ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಗಿಲಿಗೆ ಅವನೊಬ್ಬನಿಗೇ ಗೊತ್ತಿದ್ದ ಒಂದು ಗಂಟು ಹಾಕುತ್ತಿದ್ದ. ಚಿಕ್ಕಪ್ಪ ಅಂಗಿ ತೊಡುವ ಮುಂಚೆ ಜೇಬು ಮುಟ್ಟಿ ನೋಡಿಕೊಂಡು, ತೊಟ್ಟ ಮೇಲೆ ಇನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅವ್ವ ಹಾಲಿನ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಸೌಟನ್ನು ಇಂಥ ದಿಕ್ಕಿಗೇ ತಿರುಗಿಸಿ ಇಟ್ಟಿರುತ್ತಿದ್ದಳು. ಇಷ್ಟೆಲ್ಲ ಕಾವಲಿದ್ದ ಮನೆಯಲ್ಲಿ ಏನಾದರೂ ಕಳುವಾಗಿದ್ದನ್ನು ನಾನಂತೂ ಕಂಡಿಲ್ಲ. ಕಾವಲಿದ್ದುದರಿಂದಲೇ ಕಳುವಾಗಲಿಲ್ಲ ಎಂದು ಅವರೆಲ್ಲ ನಂಬಿದ್ದರು. ಈಗ ನನ್ನನ್ನು ಕೇಳಿದರೆ ನಾನೂ ಹಾಗೆಯೇ ಹೇಳುತ್ತೇನೆ, ಏಕೆಂದರೆ ನಾನೂ ಅದೇ ಮನೆಯ ಹೆಣ್ಣು.

ಬೆಟ್ಟದಪುರದ ಬೆಟ್ಟ ನಮ್ಮ ಹಿತ್ತಲಿಗೆ ಕಾಣುತ್ತಿತ್ತು. ಮನೆ ಉದ್ದಕ್ಕೆ ಇತ್ತು: ಮುಂದೆ ಜಗಲಿ, ಆಮೇಲೆ ನಡುಮನೆ, ನಡುಮನೆಯ ಒಂದು ಪಕ್ಕಕ್ಕೆ ಅಜ್ಜಿಯ ಕೋಣೆ, ಇನ್ನೊಂದು ಪಕ್ಕಕ್ಕೆ ಅಡುಗೆಮನೆ. ಅಜ್ಜಿ ತನ್ನ ಕೋಣೆಯ ಬಾಗಿಲಲ್ಲಿ ಕಂಬಳಿ ಹಾಸಿಕೊಂಡು ಕುಳಿತರೆ ಅಡುಗೆಮನೆಯೊಳಗೆ ಓಡಾಡುವವರು ಕಾಣುತ್ತಿದ್ದರು, ಆದರೆ ಅವರ ಮಾತು ಕೇಳುತ್ತಿರಲಿಲ್ಲ. ಮೊದಲು ಕೇಳುತ್ತಿತ್ತು. ಆಮೇಲಾಮೇಲೆ ಅವಳ ಕಿವಿ ಮಂದವಾಯಿತು. ಇದನ್ನು ಮನೆಯಲ್ಲಿ ಎಲ್ಲರೂ ಬಲ್ಲರು, ಅಜ್ಜಿಯೊಬ್ಬಳನ್ನು ಬಿಟ್ಟು. ಅವಳ ಪ್ರಕಾರ ಅವಳ ಕಿವಿಗೆ ಏನೂ ಆಗಿರಲಿಲ್ಲ. ಮನೆಯವರೆಲ್ಲ ಸೇರಿ ಮೆಲ್ಲಗೆ ಮಾತಾಡಲು ಶುರುಮಾಡಿದ್ದರು. ಏಕೆ ಮೆಲ್ಲಗೆ ಎಂಬುದಕ್ಕೂ ಅವಳ ಬಳಿ ಉತ್ತರವಿತ್ತು. ಚಿಕ್ಕಪ್ಪ ರಸ್ತೆಯ ಬದಿಯ ಹೊಲದಲ್ಲಿ ಬೇರೆ ಮನೆ ಕಟ್ಟುವ ಮಾತೆತ್ತಿದ್ದ. ಹಾಗಾದರೆ ಒಲೆ ಎರಡಾಗುತ್ತದೆ. ಎರಡಾದರೆ ತಾನು ಯಾರ ಒಲೆಯ ಮುಂದೆ ಕೂರಬೇಕು ಎಂಬುದನ್ನು ಸೊಸೆಯರಿಬ್ಬರೂ ತನ್ನನ್ನು ಕೇಳದೆ ತೀರ್ಮಾನ ಮಾಡುತ್ತಿದ್ದಾರೆ, ಒಬ್ಬಳು ಇನ್ನೊಬ್ಬಳ ತಲೆಗೆ ಕಟ್ಟಲು ನೋಡುತ್ತಿದ್ದಾಳೆ ಎಂದು ಅಜ್ಜಿ ಗಟ್ಟಿ ಮಾಡಿಕೊಂಡಿದ್ದಳು. ಸೊಸೆಯರನ್ನು ಅವಳು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೆಗ್ಗಡದೇವನಕೋಟೆ ಕಡೆಯಿಂದ ಬಂದ ನಮ್ಮವ್ವ ಕೋಟೆಯವಳು, ಭೇರ್ಯದಿಂದ ಬಂದ ಚಿಕ್ಕವ್ವ ಭೇರ್ಯದವಳು.

"ನೋಡು ಮಗಾ, ಕೋಟೆಯೋಳು ಬಾಯಿ ಅಲ್ಲಾಡ್ಸೋದ್ನ. ನನ್ ಕಡೆ ತಿರುಗಿ ನೋಡಿದ್ಲು, ಮತ್ತೆ ಬಾಯಿ ಅಲ್ಲಾಡುಸ್ತವ್ಳೆ. ನನ್ ಸುದ್ದಿಯೇಯ."

"ಸಾರಿಗೆ ಉಪ್ಪಾಕಿದ್ಯಾ ಅಂತ ಕೇಳಿದ್ಲು ಅಜ್ಜಿ."

"ನಿಂಗೆ ಅಂಗ್ ಕೇಳ್ಸೋ ಅಂಗೆ ಅಂತಾರೆ, ಬುಡು."

ಈ ಕೊನೆಯ ಮಾತು ನನ್ನ ತಲೆಯಲ್ಲಿ ಉಳಿದುಬಿಡುತ್ತಿತ್ತು. ನಾನು ಅಜ್ಜಿಯ ಪಕ್ಕದಲ್ಲಿ ಮಲಗಿ ಬೆಳೆದವಳು. ಅವಳ ಸೆರಗಿನ ಎಲೆಅಡಿಕೆ ವಾಸನೆ ಇಲ್ಲದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಒಲೆ ಎರಡಾಗಿ ಅಜ್ಜಿ ರಸ್ತೆ ಮನೆಯ ಪಾಲಿಗೆ ಹೋದರೆ ನನ್ನ ಗತಿಯೇನು ಎಂಬುದು ನನ್ನ ಸ್ವಂತ ಭಯವಾಗಿತ್ತು. ಹಾಗಾಗಿ ನಾನೂ ಅವ್ವನ ಬಾಯಿಯನ್ನು ದೂರದಿಂದ ನೋಡುವುದನ್ನು ಕಲಿತೆ. ಹೆತ್ತ ತಾಯಿಯನ್ನು ಹಾಗೆ ನೋಡಿದರೆ ಅವಳು ನಿಜವಾಗಿಯೂ ಬೇರೆಯವಳಂತೆ ಕಾಣುತ್ತಾಳೆ. ಇದು ಯಾವ ಮಕ್ಕಳಿಗೂ ಒಳ್ಳೆಯದಲ್ಲ.

ದಾರಿ ತೋರಿಸಿದ್ದು ಊರ ರಾಮಮಂದಿರದ ಪೂಜಾರಪ್ಪ. ಒಂದು ಶನಿವಾರ ಬೆಳಿಗ್ಗೆ ಅವರು ಭಜನೆ ಮುಗಿಸಿ ಮೈಕು ಆರಿಸುವುದನ್ನು ಮರೆತರು. ಊರಿನ ನಾಲ್ಕೂ ಮೂಲೆಗೆ ಅವರು ತಮ್ಮ ಮಗನಿಗೆ ಗೊಣಗಿದ್ದು ಕೇಳಿಸಿತು: "ಈ ಊರೋರು ದೇವರಿಗೂ ಕೊಳೆತ ಬಾಳೆಹಣ್ಣೇ ತಗೊಂಡ್ಬರೋದು ಕಣೋ." ಊರೆಲ್ಲ ಸಿಟ್ಟಾಯಿತು, ಅವತ್ತು ತಂದಿದ್ದವರು ಮಾತ್ರ ತಾವು ತಂದಿದ್ದು ಕೊಳೆತಿರಲಿಲ್ಲ ಎಂದು ಬೀದಿಯಲ್ಲಿ ನಿಂತು ಹೇಳಿದರು. ನಮ್ಮಜ್ಜಿ ಸಿಟ್ಟಾಗಲಿಲ್ಲ. ಅವಳು ಅಂಗಳದಲ್ಲಿ ನಿಂತು ಗೋಪುರದ ತುದಿಯ ಹಾರ್ನನ್ನು ಬಹಳ ಹೊತ್ತು ನೋಡಿದಳು. ಒಳಗೆ ಬಂದು ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ಮೆಲ್ಲಗೆ ಅಂದದ್ದು ಊರಿಗೆಲ್ಲಾ ಕೇಳ್ತು ನೋಡ್ದಾ. ಅಂಥದ್ದೊಂದು ಸಣ್ಣದು ನಮ್ಮನೆಗೆ ಬತ್ತದಾ ಮಗಾ?"

"ಅದ್ಯಾಕಜ್ಜಿ ನಮ್ಮನೆಗೆ?"

"ಅಡುಗೆಮನೇಲಿ ಒಂದು ಕಿವಿ ಮಡಗ್ಬೇಕು."

ಮಡಗುವುದು ಹೇಗೆ ಎಂದು ನನಗೆ ಗೊತ್ತಿರಲಿಲ್ಲ, ಆದರೆ ಗೊತ್ತಿದ್ದವರು ಮನೆಯಲ್ಲೇ ಒಬ್ಬರಿದ್ದರು. ಚಿಕ್ಕವ್ವ ಮದುವೆಗೆ ಮುಂಚೆ ಮೈಸೂರಿನ ಒಂದು ಕಾರ್ಖಾನೆಯಲ್ಲಿ, ಸಾಲಾಗಿ ಕುಳಿತ ಹುಡುಗಿಯರ ನಡುವೆ, ಹಸಿರು ಹಲಗೆಗಳಿಗೆ ಸಣ್ಣ ಸಣ್ಣ ಬಿಡಿಭಾಗ ಬೆಸೆಯುವ ಕೆಲಸ ಮಾಡುತ್ತಿದ್ದಳು. ಬರುವಾಗ ತನ್ನ ಬೆಸುಗೆ ಕಡ್ಡಿಯನ್ನು ಹಳೆಯ ರವಿಕೆಯೊಂದರಲ್ಲಿ ಸುತ್ತಿ ತಂದಿದ್ದಳು. ಅದನ್ನು ಟ್ರಂಕಿನ ತಳದಲ್ಲಿ ಇಟ್ಟಿದ್ದು ಅಜ್ಜಿಯ ಕಣ್ಣಿಗೆ ಬಿದ್ದು, ಬಂದ ಹೊಸದರಲ್ಲೇ ಮನೆಯೊಳಗೆ ದೊಡ್ಡ ಗುಸುಗುಸು ಆಗಿತ್ತು. ಮರದ ಹಿಡಿ, ತುದಿಯಲ್ಲಿ ಮೊನಚಾದ ತಾಮ್ರದ ಮೂತಿ, ಹಿಂದೆ ಕರೆಂಟಿನ ವಯರು. ಇದರಿಂದ ಬರೆ ಹಾಕುತ್ತಾಳೋ ಏನೋ ಎಂದು ಅಜ್ಜಿ ನಮ್ಮಪ್ಪನನ್ನು ಕರೆದು ತೋರಿಸಿದ್ದಳಂತೆ. ಚಿಕ್ಕವ್ವ ಒಮ್ಮೆ ಟಾರ್ಚಿನ ವಯರನ್ನು ಬೆಸೆದಾಗ ಕೋಣೆಯಿಂದ ರಾಳದ ಹೊಗೆ ಬಂತು, ಬೆಸುಗೆಯ ಸೀಸದ ತಂತಿಯ ಹೊಟ್ಟೆಯಲ್ಲಿ ರಾಳ ಇರುತ್ತದೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಧೂಪದ ವಾಸನೆ ಎಲ್ಲಿಂದ ಬಂತು ಎಂದು ಅಜ್ಜಿ ಮೂರು ದಿನ ಚಿಕ್ಕವ್ವನ ಕೈಯ ನೀರು ಕುಡಿಯಲಿಲ್ಲ. ಈಗ ಅದೇ ಚಿಕ್ಕವ್ವನ ಕೈಯಿಂದ ವಿದ್ಯೆ ಕಲಿತು, ಅವಳ ಮಾತನ್ನೇ ಕದ್ದು ಕೇಳುವ ಯಂತ್ರ ಮಾಡಬೇಕು. ಅಜ್ಜಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ನನಗೂ ಕಾಣಲಿಲ್ಲ. ಸ್ಕೂಲಿನಲ್ಲಿ ವಿಜ್ಞಾನದ ವಸ್ತುಪ್ರದರ್ಶನ ಇದೆ, ಧ್ವನಿ ದೊಡ್ಡದು ಮಾಡುವ ಪೆಟ್ಟಿಗೆ ಮಾಡಬೇಕು ಎಂದು ಚಿಕ್ಕವ್ವನಿಗೆ ಹೇಳಿದೆ.

"ಯಾವಾಗ ಎಕ್ಸಿಬಿಷನ್ನು?"

"ಮುಂದಿನ್ ತಿಂಗ್ಳು."

"ಮೇಷ್ಟ್ರು ಯಾರು ಯೋಳಿದ್ದು?"

ನಾನು ಒಂದು ಹೆಸರು ಹೇಳಿದೆ. ಅವಳು ನನ್ನ ಮುಖವನ್ನು ನೋಡಿದಳು. ಹೆಚ್ಚು ಕೇಳದೆ ಇದ್ದುದೇ ನನಗೆ ಇರುಸುಮುರುಸಾಯಿತು. ನಮ್ಮ ಮನೆಯಲ್ಲಿ ಯಾರೂ ಎರಡು ಪ್ರಶ್ನೆಗೆ ನಿಲ್ಲಿಸುತ್ತಿರಲಿಲ್ಲ. ಮುಂದಿನ ಸಲ ಹುಣಸೂರಿಗೆ ಹೋದಾಗ ಚಿಕ್ಕವ್ವ ನನ್ನನ್ನೂ ಕರೆದುಕೊಂಡು ಹೋಗಿ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೇಕಾದ್ದನ್ನೆಲ್ಲ ಕೊಡಿಸಿದಳು. ಅಂಗೈ ಅಗಲದ ಹಲಗೆ, ಪ್ಲಾಸ್ಟಿಕ್ ಕವರಿನೊಳಗೆ ಬಿಡಿಭಾಗಗಳು, ಅಂಗಿ ಗುಂಡಿಯಷ್ಟು ಚಿಕ್ಕದೊಂದು ಮೈಕು, ಒಂದು ಸ್ಪೀಕರು, ಒಂದು ಕೆಂಪು ದೀಪ. ಕೊನೆಗೆ ಅವಳೇ ಒಂದು ಸುರುಳಿ ವಯರು ಕೇಳಿದಳು. ಒಳಗಿನ ತಂತಿಯ ಮೇಲೆ ಸಣ್ಣ ತಾಮ್ರದ ಜಾಲರಿ ಹೆಣೆದಿದ್ದ ವಯರು ಅದು. ದೂರದಿಂದ ಧ್ವನಿ ತರುವಾಗ ಗುಂಯ್ ಎನ್ನದೆ ಇರಲು ಅಂಥದ್ದೇ ಬೇಕಂತೆ. ಅಂಗಡಿಯವನು ಸುರುಳಿ ಬಿಚ್ಚುತ್ತಾ ಹೋದ, ಚಿಕ್ಕವ್ವ ಇನ್ನೂ ಬಿಡಿ, ಇನ್ನೂ ಬಿಡಿ ಎನ್ನುತ್ತಾ ಹೋದಳು. ಪ್ರದರ್ಶನದ ಮೇಜಿನ ಮೇಲೆ ಇಡುವ ವಸ್ತುವಿಗೆ ಅಷ್ಟುದ್ದದ ವಯರು ಏಕೆ ಎಂದು ನಾನು ಅಲ್ಲೇ ಕೇಳಬೇಕಿತ್ತು. ಸಿಕ್ಕಿದ್ದೇ ಸಾಕೆಂದು ಚೀಲ ಹಿಡಿದುಕೊಂಡೆ.

ಕಲಿಕೆ ಶುರುವಾದದ್ದು ಸೊಪ್ಪು ಮುರಿಯುವ ಕಾಲದಲ್ಲಿ. ಬೆಳಗಿನಿಂದ ಎಲ್ಲರೂ ಜಗಲಿಯಲ್ಲಿ ಕುಳಿತು ಹಸಿ ಹೊಗೆಸೊಪ್ಪನ್ನು ಕೋಲಿಗೆ ಪೋಣಿಸುವುದು, ಸಂಜೆಯಾಗುವ ಹೊತ್ತಿಗೆ ಬೆರಳುಗಳೆಲ್ಲ ಕಪ್ಪಗೆ ಅಂಟಂಟು. ಮಧ್ಯಾಹ್ನ ಊಟವಾಗಿ ಕೂಲಿಯವರು ಒಂದಿಷ್ಟು ಹೊತ್ತು ಅಡ್ಡಾಗುವಾಗ, ಕರೆಂಟಿದ್ದರೆ, ಚಿಕ್ಕವ್ವ ತನ್ನ ಕೋಣೆಯ ಕಿಟಕಿಯ ಬಳಿ ಮಣೆ ಹಾಕಿ ನನ್ನನ್ನು ಕೂರಿಸುತ್ತಿದ್ದಳು. ಒದ್ದೆ ಬಟ್ಟೆಯ ಚೂರೊಂದನ್ನು ಮಡಚಿ ಪಕ್ಕಕ್ಕೆ ಇಡುತ್ತಿದ್ದಳು. ಕಡ್ಡಿ ಕಾದ ಮೇಲೆ ಅದರ ಮೂತಿಯನ್ನು ಆ ಬಟ್ಟೆಗೆ ಒರೆಸಿದರೆ ಚುಂಯ್ ಎಂದು ಸದ್ದಾಗಿ, ಕರಿ ಹೋಗಿ, ಬೆಳ್ಳಿಯ ಹಾಗೆ ಬೆಳಗುತ್ತಿತ್ತು. ಆ ಸದ್ದಿಗೆ ನಾನು ಮೊದಲ ದಿನವೇ ಮರುಳಾದೆ.

"ಸೀಸ ಕಡ್ಡಿಗೆ ಅಚ್ಕೊಂಡು ತಂದು ಮೆತ್ತಬ್ಯಾಡ. ಗೋಡೆಗೆ ಮಣ್ಣು ಮೆತ್ತದಲ್ಲ ಇದು. ಜಾಗ ಕಾಯ್ಸು ಮೊದ್ಲು. ಈ ಸಾಮಾನಿನ ಕಾಲೂ ಕಾಯ್ಬೇಕು, ಕೆಳಗಿನ ತಾಮ್ರಾನೂ ಕಾಯ್ಬೇಕು. ಆಮೇಲೆ ಈ ಕಡೆಯಿಂದ ಸೀಸ ತೋರ್ಸು. ಜಾಗ ಕಾದಿದ್ರೆ ಅದೇ ಎಳ್ಕೋತದೆ."

ಅವಳು ಮಾಡಿದಾಗ ಸೀಸ ನೀರಾಗಿ ಕಾಲಿನ ಸುತ್ತ ಹರಿದು, ಹೊಳೆಯುತ್ತಾ ನಿಲ್ಲುತ್ತಿತ್ತು. ನಾನು ಮಾಡಿದಾಗ ಉಂಡೆಯಾಗಿ ಉರುಳಿ ನನ್ನ ಲಂಗದ ಮೇಲೆ ಬಿತ್ತು. ಮತ್ತೆ ಮಾಡಿದೆ, ಮತ್ತೆ ಉರುಳಿತು. ಮರುದಿನವೂ ಅದೇ. ಕಡ್ಡಿ ಅದೇ, ಸೀಸ ಅದೇ, ಹಲಗೆ ಅದೇ, ಅವಳಿಗೆ ಹಿಡಿಯುತ್ತದೆ ನನಗೆ ಹಿಡಿಯುವುದಿಲ್ಲ. ನನ್ನ ತಲೆ ಅಜ್ಜಿಯ ತಲೆಯ ಹಾಗೆ ಓಡತೊಡಗಿತು. ಚಿಕ್ಕವ್ವ ಏನೋ ಒಂದನ್ನು ಬೇಕೆಂದೇ ಹೇಳುತ್ತಿಲ್ಲ. ಮಾಡುವಾಗ ಮೊಣಕೈ ಅಡ್ಡ ಇಟ್ಟುಕೊಳ್ಳುತ್ತಾಳೆ, ಅದರ ಹಿಂದೆ ಏನೋ ಇದೆ. ಅವಳಿಗೆ ನಮ್ಮ ಗುಟ್ಟು ಗೊತ್ತಾಗಿದೆ, ಅದಕ್ಕೇ ಸುಳ್ಳು ವಿದ್ಯೆ ಕಲಿಸುತ್ತಿದ್ದಾಳೆ. ಅಜ್ಜಿಗೆ ಹೇಳಿದೆ. ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ.

"ನಾ ಅಂದ್ಕೊಂಡೆ. ಭೇರ್ಯದೋಳು ಪೂರ್ತಿ ಕಲ್ಸಕಿಲ್ಲ. ಅವ್ಳ ಕೈಯ್ಯೇ ನೋಡ್ತಿರು, ಬಾಯಿ ನೋಡ್ಬ್ಯಾಡ."

ಕೈಯನ್ನೇ ನೋಡುತ್ತಾ ಕುಳಿತೆ. ನಾನು ನೋಡುವುದನ್ನು ಚಿಕ್ಕವ್ವ ನೋಡಿದಳು. ಕಡ್ಡಿಯನ್ನು ಕೆಳಗಿಟ್ಟು, ನನ್ನ ಕೈಯನ್ನು ಹಿಡಿದು ತನ್ನ ಮೂಗಿನ ಬಳಿಗೆ ತಂದು ಮೂಸಿದಳು. ಆಮೇಲೆ ನಾನು ಬೆಸೆಯಲು ನೋಡಿದ್ದ ಹಲಗೆಯನ್ನೂ ಮೂಸಿದಳು. ಅವಳಿಗೆ ನಗು ತಡೆಯಲಿಲ್ಲ.

"ಲೇ ಕೂಸೇ, ಸೊಪ್ಪು ಪೋಣ್ಸಿದ ಕೈಯ್ಯಲ್ಲೇ ಬಂದು ಕುಂತಿದ್ದೀಯಲ್ಲೇ! ಅಂಟೆಲ್ಲಾ ತಾಮ್ರಕ್ಕೆ ಬಳ್ದು ಮಡಗಿದ್ದೀಯ. ಅದ್ರ ಮ್ಯಾಲೆ ಸೀಸ ಎಂಗೆ ಇಡ್ಕೋತದೆ?"

"ನೀವೂ ಪೋಣ್ಸಿದ್ರಲ್ಲ?"

"ನಾ ತೊಳ್ಕೊಂಡು ಬತ್ತೀನಿ ಕಣೇ."

ಹಿತ್ತಲಿನ ಕಲ್ಲಿನ ಮೇಲೆ ಹುಣಸೆಹಣ್ಣು, ಬೂದಿ ಹಾಕಿ ನನ್ನ ಕೈಯನ್ನು ತಿಕ್ಕಿದಳು. ಹಲಗೆಯನ್ನು ಉಪ್ಪುಕಾಗದದಿಂದ ಉಜ್ಜಿಕೊಟ್ಟಳು. ನಮ್ಮ ಸೀಮೆಯ ಹೆಂಗಸರಿಗೆ ಆ ಅಂಟು ಕೈಯಲ್ಲಿರುವುದು ಗೊತ್ತೇ ಆಗುವುದಿಲ್ಲ. ಅದೇ ಕೈಯಲ್ಲಿ ಉಣ್ಣುತ್ತೇವೆ, ಜಡೆ ಹಾಕುತ್ತೇವೆ, ಮಗುವಿನ ಮೂಗು ಒರೆಸುತ್ತೇವೆ. ಕೈ ತೊಳೆದು ಕುಳಿತ ಆ ಮಧ್ಯಾಹ್ನ ಮೊದಲ ಸಲ ಸೀಸ ನನ್ನ ಮಾತು ಕೇಳಿತು. ಕಾಲಿನ ಬುಡಕ್ಕೆ ತೋರಿಸಿದ್ದೇ ತಡ, ತಾನಾಗಿ ಹರಿದು, ಸುತ್ತ ಸಣ್ಣ ಗುಡ್ಡದ ಹಾಗೆ ಕುಳಿತುಕೊಂಡಿತು. ಖುಷಿಗೆ ಬಾಯಿಂದ ಊದಿಬಿಟ್ಟೆ. ಹೊಳಪು ಹೋಗಿ ಬೂದಿಬಣ್ಣವಾಯಿತು.

"ಊದಬ್ಯಾಡ. ಅಲ್ಲಾಡುಸ್ಬ್ಯಾಡ. ಅದ್ರ ಪಾಡಿಗೆ ಅದು ಆರ್ಲಿ. ಇಂಗೆ ಮಂಕಾಗಿರೋದು ಇಡ್ದಂಗೆ ಕಾಣ್ತದೆ, ಇಡ್ದಿರಕಿಲ್ಲ. ಚಿಮ್ಟದಲ್ಲಿ ಎಳ್ದು ನೋಡು. ಒಳಪು ಇದ್ರೂ ಎಳ್ದು ನೋಡು. ನಂಬಬ್ಯಾಡ."

ನಂಬಬೇಡ ಎಂದು ನನಗೆ ಅದುವರೆಗೆ ಹೇಳಿದವರೆಲ್ಲ ಒಬ್ಬರನ್ನೊಬ್ಬರು ತೋರಿಸಿ ಹೇಳಿದ್ದರು. ಚಿಕ್ಕವ್ವ ನನ್ನ ಕೈಕೆಲಸವನ್ನೇ ತೋರಿಸಿ ಹೇಳಿದಳು. ಅವಮಾನವೂ ಆಯಿತು, ಯಾಕೋ ಹಾಯೆನಿಸಿತು ಕೂಡ. ಎಳೆದು ನೋಡಿದೆ, ಕಾಲು ಕಿತ್ತು ಬಂತು. ಮತ್ತೆ ಬೆಸೆದೆ. ಅಂದಿನಿಂದ ಆ ಹಲಗೆಯ ಒಂದೊಂದು ಬೆಸುಗೆಯನ್ನೂ ಆರಿದ ಮೇಲೆ ಎಳೆದು, ಕಿಟಕಿಯ ಬೆಳಕಿಗೆ ಹಿಡಿದು, ಮತ್ತೆ ಎಳೆದು ನೋಡುತ್ತಿದ್ದೆ. ಇಂಥ ಕೆಲಸಕ್ಕೆ ಬೇಕಾದ ಬುದ್ಧಿ ನನಗೆ ಮನೆಯಿಂದಲೇ ಬಂದಿತ್ತು. ಇವತ್ತು ಹುಣಸೂರಿನಲ್ಲಿ ನನ್ನದೇ ರಿಪೇರಿ ಅಂಗಡಿಯಿದೆ, ಪಂಪಿನ ಸ್ಟಾರ್ಟರಿನಿಂದ ಹಿಡಿದು ಯುಪಿಎಸ್‌ವರೆಗೆ ಬಿಚ್ಚುತ್ತೇನೆ. ಎಲ್ಲ ಸರಿಯಿದೆ ಎಂದು ಗಿರಾಕಿ ಎಷ್ಟು ಆಣೆ ಇಟ್ಟರೂ ಎಳೆದು ನೋಡದೆ ಬಿಡುವುದಿಲ್ಲ. ಗಂಡ ನನ್ನನ್ನು ಅನುಮಾನದ ಗಿರಾಕಿ ಎಂದು ಹಂಗಿಸುವುದುಂಟು. ಅದರಿಂದಲೇ ಮನೆ ನಡೆಯುತ್ತಿರುವುದು.

ಪೆಟ್ಟಿಗೆ ತಯಾರಾಯಿತು. ಅವ್ವ, ಚಿಕ್ಕವ್ವ ಇಬ್ಬರೂ ಹೊಲಕ್ಕೆ ಹೋಗಿದ್ದ ಒಂದು ಬೆಳಿಗ್ಗೆ, ಅಜ್ಜಿ ಬಾಗಿಲಲ್ಲಿ ಕಾವಲು ಕುಳಿತಳು, ನಾನು ಅಡುಗೆಮನೆಯ ಅಟ್ಟಣಿಗೆಯ ಮೇಲೆ ಮೂಲೆಗೆ ಬಿದ್ದಿದ್ದ ಹಳೆಯ ಟೀ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು ಅದರೊಳಗೆ ಮೈಕು ಇಟ್ಟೆ. ವಯರನ್ನು ತೊಲೆಯ ಹಿಂದೆ, ತೂಗುಹಾಕಿದ್ದ ಜೋಳದ ತೆನೆಗಳ ಮರೆಯಲ್ಲಿ ಎಳೆದುಕೊಂಡು ನಡುಮನೆ ದಾಟಿಸಿ ಅಜ್ಜಿಯ ಕೋಣೆಗೆ ತಂದೆ. ಸರಿಯಾಗಿ ಸಾಕಾಯಿತು. ಒಂದು ಮೊಳವೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ನಮ್ಮ ಅದೃಷ್ಟ ಎಂದು ಇಬ್ಬರೂ ಅಂದುಕೊಂಡೆವು. ಅಜ್ಜಿಯ ಹಾಸಿಗೆಯ ಪಕ್ಕದ ಗೋಡೆಗೂಡಿನಲ್ಲಿ ದೇವರ ಫೋಟೊ ಸರಿಸಿ ಪೆಟ್ಟಿಗೆ ಇಟ್ಟು ಗುಂಡಿ ಒತ್ತಿದೆ, ಕೆಂಪು ದೀಪ ಹತ್ತಿತು. ಅಜ್ಜಿ ಅದಕ್ಕೆ ಕೈಮುಗಿದಳು.

ಅವರು ಹೊಲದಿಂದ ಬಂದ ಮೇಲೆ ಮೊದಲು ಕೇಳಿಸಿದ್ದು ಸಾರಿನ ಒಗ್ಗರಣೆ. ಸಾಸಿವೆ ಸಿಡಿದ ಸದ್ದಿಗೆ ಅಜ್ಜಿ ಬೆಚ್ಚಿ ಗೋಡೆಗೆ ಒರಗಿದಳು. ಆಮೇಲೆ ಅವ್ವನ ಬಳೆ, ಮುದ್ದೆ ತೊಳಸುವ ಕೋಲು ಪಾತ್ರೆಗೆ ಬಡಿಯುವುದು, ಬೆಕ್ಕನ್ನು ಗದರಿದ್ದು. ಆಮೇಲೆ ಮಾತು. ಎಷ್ಟೋ ಕಾಲದ ಮೇಲೆ ಅಜ್ಜಿಗೆ ತನ್ನ ಸೊಸೆಯರ ಮಾತು ಅಕ್ಷರ ಅಕ್ಷರವಾಗಿ ಕೇಳಿಸಿತು. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಸ್ಪೀಕರಿಗೆ ಕಿವಿ ಹಚ್ಚಿಕೊಂಡು, ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನೂ ಮರೆತು, ಇಡೀ ಮಧ್ಯಾಹ್ನ ಕೂತಿದ್ದಳು. ಮರುದಿನವೂ ಕೂತಳು. ಅದರ ಮರುದಿನವೂ. ಆದರೆ ಮುಖ ದಿನದಿನಕ್ಕೂ ಸಣ್ಣದಾಗುತ್ತಾ ಬಂತು. ಅವರು ಕೊತ್ತಂಬರಿ ಬಾಡಿದ್ದನ್ನು ಮಾತಾಡಿದರು. ಸೊಪ್ಪಿನ ಬೆಲೆ, ಚಿಕ್ಕಪ್ಪನ ಕೆಮ್ಮು, ನನ್ನ ತಲೆಯ ಹೇನು, ಕೋಟೆ ಕಡೆಯ ಯಾರದೋ ಮದುವೆಗೆ ಯಾವ ಸೀರೆ, ಎಲ್ಲವನ್ನೂ ಮಾತಾಡಿದರು. ಅಜ್ಜಿಯ ಸುದ್ದಿ ಮಾತ್ರ ಎತ್ತಲಿಲ್ಲ. ಬೈಯಲಿಲ್ಲ, ಹೊಗಳಲಿಲ್ಲ, ಒಲೆ ಬೇರೆಯಾಗುವ ಮಾತಿಲ್ಲ, ಅತ್ತೆ ಎಂಬ ಶಬ್ದವೇ ಇಲ್ಲ. ಅವಳು ಆ ಮನೆಯಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಮಾತು ಅವಳನ್ನು ಸುತ್ತಿಕೊಂಡು ಹೋಗುತ್ತಿತ್ತು. ಮೂರನೆಯ ದಿನ ಅವಳು ಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಕೈ ತೊಳೆದಳು.

"ಈ ಪೆಟ್ಟಿಗೆ ನನ್ ಮಾತೊಂದ ನುಂಗ್ಕೋತಾ ಅದೆ ಕಣ್ ಮಗಾ. ಮಿಕ್ಕಿದ್ದೆಲ್ಲಾ ಯೋಳ್ತದೆ."

"ಅಂಗೆಲ್ಲಾ ನುಂಗಕಿಲ್ಲ ಅಜ್ಜಿ ಅದು."

"ನಿಮ್ಮವ್ವ ನಿಂಗೇನಾದ್ರೂ ಕೊಟ್ಲಾ? ಬೆಸೆಯೋವಾಗ ಏನಾದ್ರೂ ಬುಟ್ಬುಡು ಅಂದ್ಲಾ?"

ನನ್ನ ಕಣ್ಣಲ್ಲಿ ನೀರು ಬಂತು. ಇಡೀ ಮನೆಯಲ್ಲಿ ಅವಳು ಅನುಮಾನ ಪಡದೆ ಇದ್ದವಳು ನಾನೊಬ್ಬಳೇ, ಆ ಸ್ಥಾನವೂ ಹೋಯಿತು. ಅಳುತ್ತಲೇ ಪೆಟ್ಟಿಗೆ ಬಿಚ್ಚಿ ಎಲ್ಲ ಬೆಸುಗೆಯನ್ನೂ ಎಳೆದು ನೋಡಿದೆ, ಒಂದೂ ಅಲ್ಲಾಡಲಿಲ್ಲ. ಆದರೂ ಅನುಮಾನ ಹೋಗಲಿಲ್ಲ. ಕೊನೆಗೆ ಚಿಕ್ಕವ್ವನ ಬಳಿ ಹೋದೆ. ಅವಳು ಜಗಲಿಯಲ್ಲಿ ಒಬ್ಬಳೇ ಸೊಪ್ಪು ಪೋಣಿಸುತ್ತಿದ್ದಳು.

"ಚಿಕ್ಕವ್ವ, ಬೆಸುಗೆ ಸರಿಯಾಗಿಲ್ದಿದ್ರೆ ಕೆಲವು ಮಾತು ಬಂದು ಕೆಲವು ಬರ್ದೆ ಓಯ್ತವಾ?"

"ಅದೆಂಗೆ? ಬಂದ್ರೆ ಎಲ್ಲಾ ಬತ್ತವೆ, ಇಲ್ದಿದ್ರೆ ಇಲ್ಲ. ಯಾವ್ ಮಾತು ಬತ್ತಿಲ್ಲ?"

"ಒಬ್ರ ಹೆಸ್ರು ಮಾತ್ರ ಬತ್ತಿಲ್ಲ."

ಅವಳ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು. ಯಾರ ಹೆಸರು ಎಂದು ಅವಳು ಕೇಳಲಿಲ್ಲ. ಆಗ ನನಗೆ ಹೊಳೆಯಿತು, ಉದ್ದದ ವಯರು ಎಲ್ಲಿಂದ ಎಲ್ಲಿಗೆ ಎಂದು ಅವಳು ಅಂಗಡಿಯಲ್ಲಿ ನಿಂತಾಗಲೇ ಮನಸ್ಸಿನಲ್ಲಿ ಅಳೆದಿದ್ದಳು. ಕಾರ್ಖಾನೆಯಲ್ಲಿ ಅಂಥ ಹಲಗೆಗಳನ್ನು ರಾಶಿ ಮಾಡಿದವಳಿಗೆ, ಅಟ್ಟಣಿಗೆಯ ಮೇಲೆ ಟೀ ಡಬ್ಬಿ ತಿರುಗಿ ಕುಳಿತದ್ದು ಕಾಣದೆ ಇರುತ್ತದೆಯೇ? ಅವ್ವನಿಗೂ ಹೇಳಿದ್ದಾಳೆ. ಕೇಳುತ್ತಿದ್ದಾರೆ ಎಂದು ಗೊತ್ತಿದ್ದುದರಿಂದಲೇ ಇಬ್ಬರೂ ಅತ್ತೆಯ ಹೆಸರನ್ನು ಬಾಯಿಗೆ ತರದೆ ಎಚ್ಚರ ವಹಿಸಿದ್ದರು. ಏನಾದರೂ ಅಂದು ಮುದುಕಿಗೆ ನೋವಾಗುವುದು ಬೇಡ ಎಂದು. ಚಿಕ್ಕವ್ವ ಎಲೆಯನ್ನು ಕೋಲಿಗೆ ಹಾಕಿ, ಸೆರಗಿನಿಂದ ಹಣೆ ಒರೆಸಿಕೊಂಡು, ಇಷ್ಟೇ ಅಂದಳು:

"ಅದಕ್ಕೇಯಾ ಅತ್ತೆ ಮುದ್ದೆ ಬುಟ್ಟಿದ್ದು?"

ಮರುದಿನ ಮಧ್ಯಾಹ್ನ ನಾನೂ ಅಜ್ಜಿಯೂ ಗೂಡಿನ ಮುಂದೆ ಕುಳಿತಿದ್ದೆವು. ಪೆಟ್ಟಿಗೆಯಿಂದ ಚಿಕ್ಕವ್ವನ ದನಿ ಬಂತು, ನಾಟಕದವರ ಹಾಗೆ ಸ್ವಲ್ಪ ಗಟ್ಟಿಯಾಗಿಯೇ.

"ಅಕ್ಕಾ, ಆ ಮನೆ ಎದ್ದ ಮ್ಯಾಲೆ ಅತ್ತೇನ ನಾ ಕರ್ಕೊಂಡೋಗ್ತೀನಿ."

"ಕರ್ಕೊಂಡೋಗವ್ವ," ಎಂದಳು ಅವ್ವ, ಹೇಳಿಕೊಟ್ಟಿದ್ದನ್ನು ಒಪ್ಪಿಸುವ ಹಾಗೆ. "ಅಲ್ಲ, ಬ್ಯಾಡ. ಇಲ್ಲೇ ಇರ್ಲಿ."

ಅಜ್ಜಿ ನನ್ನ ಕಡೆ ನೋಡಿ ತುಟಿ ಸೊಟ್ಟ ಮಾಡಿದಳು. "ನಾಟ್ಕ ಆಡ್ತವೆ ಮುಂಡೇವು. ಗೊತ್ತಾಗಕಿಲ್ವಾ ನಂಗೆ?"

"ನಮ್ಮನೇಲಿ ಸಣ್ಣ ಮಕ್ಳು ಆಯ್ತವೆ ಮುಂದೆ. ಅತ್ತೆ ಬೇಕು," ಎಂದಳು ಚಿಕ್ಕವ್ವ.

"ನನ್ ಮಕ್ಳು ಯಾರತ್ರ ಬೆಳೆದ್ವು? ಅತ್ತೆ ಇಲ್ದಿದ್ರೆ ಆ ಕೂಸು ಉಣ್ಣಕಿಲ್ಲ, ಮಲಗಕಿಲ್ಲ."

"ನೀವು ಬೇಕಾದಷ್ಟು ವರ್ಷ ಮಡೀಕಂಡಿದ್ದೀರಲ್ಲ ಅಕ್ಕ. ಇನ್ ನನ್ ಕಡೆ ಇರ್ಲಿ ಬುಡಿ."

ಇಲ್ಲಿಗೆ ಅವರು ಹೇಳಿಕೊಂಡು ಬಂದಿದ್ದ ಮಾತು ಮುಗಿದಿರಬೇಕು. ಒಂದು ಕ್ಷಣ ಪೆಟ್ಟಿಗೆಯಲ್ಲಿ ಒಲೆಯ ಸದ್ದು ಮಾತ್ರ ಕೇಳಿತು. ಆಮೇಲೆ ಪಾತ್ರೆಯೊಂದನ್ನು ಕುಕ್ಕಿದ ಸದ್ದು. ಅವ್ವನ ದನಿ ಬದಲಾಗಿತ್ತು.

"ಮಡೀಕಂಡಿದ್ದೀರಲ್ಲ ಅಂತೀಯಲ್ಲೇ, ಪಾತ್ರೆಯಾ ಅವ್ರು? ನೀ ಬಂದು ಎಷ್ಟ್ ದಿನ ಆಯ್ತು? ಕೋಟೆಯೋಳು ಕೋಟೆಯೋಳು ಅಂತ ಅವ್ರ ಬಾಯಲ್ಲಿ ಅನ್ನಿಸ್ಕೊಂಡು ಅನ್ನಿಸ್ಕೊಂಡು ನಾ ಈ ಮನೇಲಿ ಸವ್ದೋಗಿವ್ನಿ. ಇನ್ಮುಂದೆ ಯಾರ್ ನನ್ನ ಅಂಗೆ ಕರೆಯೋರು? ಹೆತ್ತೋಳು ಸತ್ತಾಗ ನನ್ ತಲೇನ ತೊಡೆ ಮ್ಯಾಲೆ ಮಡೀಕಂಡು ಕುಂತಿದ್ದು ಯಾರು? ನಿಂಗೇನ್ ಗೊತ್ತದೆ?"

"ಅಕ್ಕ, ಸುಮ್ನೆ ಅಂದೆ ಅಕ್ಕ. ನಾವು ಮಾತಾಡ್ಕೊಂಡ..."

"ಏನ್ ಸುಮ್ನೆ? ಮನೆ ಬೇಕಾದ್ರೆ ಕಟ್ಕೋ, ಹೊಲ ಬೇಕಾದ್ರೆ ತಕ್ಕೋ. ಅತ್ತೆ ತಂಟೆಗೆ ಬರ್ಬ್ಯಾಡ."

ಅವ್ವ ಅಳುತ್ತಿದ್ದಳು. ಅವಳು ಅಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆ ಸಣ್ಣ ಸ್ಪೀಕರಿನಲ್ಲಿ ಮೊದಲ ಸಲ ಕೇಳಿದೆ, ಎದ್ದು ಓಡಿಹೋಗಿ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ದೂರದಿಂದ ಬಾಯಿ ಅಲ್ಲಾಡುವುದನ್ನೇ ನೋಡಿ ನಾನು ಬೇರೆಯವಳನ್ನಾಗಿ ಮಾಡಿಕೊಂಡಿದ್ದವಳು ಅವಳು. ಅಜ್ಜಿಯ ಕಡೆ ತಿರುಗಿದೆ. ನಾಟಕ ಎಂದವಳು ಕೆಂಪು ದೀಪವನ್ನೇ ನೋಡುತ್ತಾ ಕುಳಿತಿದ್ದಳು. ಆಮೇಲೆ ಅವಳು ಎಲೆಅಡಿಕೆ ಚೀಲ ಬಿಚ್ಚಿದಳು, ನನ್ನನ್ನು ನೀರು ತರಲು ಕಳಿಸಿದಳು. ಅವತ್ತು ಅವ್ವ, ಚಿಕ್ಕವ್ವ ಒಬ್ಬರಿಗೊಬ್ಬರು ಮಾತಾಡಲಿಲ್ಲ. ಮರುದಿನ ಜಗಲಿಯಲ್ಲಿ ಸೊಪ್ಪು ಪೋಣಿಸುತ್ತಾ ಕೂತಲ್ಲೇ, ಚಿಕ್ಕವ್ವ ಏನೋ ಅಂದು ಅವ್ವ ನಕ್ಕುಬಿಟ್ಟಳು.

ಒಲೆ ಎರಡಾದದ್ದು ಬಹಳ ದಿನದ ಮೇಲೆ. ರಸ್ತೆ ಬದಿಯ ಮನೆ ಎದ್ದಿತು, ಚಿಕ್ಕಪ್ಪ ಚಿಕ್ಕವ್ವ ಅಲ್ಲಿಗೆ ಹೋದರು. ಅಜ್ಜಿ ನಮ್ಮ ಜೊತೆಗೇ ಇದ್ದು, ಮನಸ್ಸಾದಾಗ ಅಲ್ಲಿಗೂ ಹೋಗಿ ಉಂಡು ಬಂದು, ಎರಡು ಮನೆಯ ಸಾರಿಗೂ ಉಪ್ಪು ಕಮ್ಮಿ ಎನ್ನುತ್ತಿದ್ದಳು. ಅಷ್ಟು ಕಾಲವೂ ನಮ್ಮ ಅಡುಗೆಮನೆಯಲ್ಲಿ ಒಂದು ಪದ್ಧತಿ ಉಳಿದುಕೊಂಡಿತ್ತು. ಅವ್ವ ಒಬ್ಬಳೇ ಇದ್ದಾಗಲೂ ಅಟ್ಟಣಿಗೆಯ ಕಡೆ ಮುಖ ಮಾಡಿ, "ಅತ್ತೆಗೆ ಇವತ್ತು ಹುರುಳಿ ಬಸ್ಸಾರು ಮಾಡ್ತೀನಿ," "ಅತ್ತೆ ಕಾಲುನೋವು ಅಂತಿದ್ರು, ಎಣ್ಣೆ ಕಾಯ್ಸಬೇಕು," ಎಂದು ಗಟ್ಟಿಯಾಗಿ ಅನ್ನುತ್ತಿದ್ದಳು. ಅಜ್ಜಿಯ ಗೂಡಿನಲ್ಲಿ ಕೆಂಪು ದೀಪ ಉರಿಯುತ್ತಿರುವುದು ಅಡುಗೆಮನೆಯಿಂದ ಕಾಣುತ್ತಿತ್ತು. ಒಮ್ಮೊಮ್ಮೆ ಬೈಯುತ್ತಲೂ ಇದ್ದಳು, ಮುಚ್ಚುಮರೆಯಿಲ್ಲದೆ.

ಆದರೆ ಆ ಜಗಳದ ಮಧ್ಯಾಹ್ನದ ಮೇಲೆ ಅಜ್ಜಿ ಸ್ಪೀಕರಿಗೆ ಕಿವಿ ಹಚ್ಚಿದ್ದನ್ನು ನಾನು ಕಾಣಲಿಲ್ಲ. ಪೆಟ್ಟಿಗೆಯಿಂದ ಸದ್ದೂ ಇರಲಿಲ್ಲ. ಆ ವರ್ಷವೇ ಸೊಪ್ಪಿನ ಕೆಲಸ ಮುಗಿದು ಬಿಡುವಾದಾಗ, ನನ್ನ ಬೆಸುಗೆಯೇ ಬಿಟ್ಟಿರಬೇಕು ಎಂದುಕೊಂಡು, ಅಜ್ಜಿ ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಹೊತ್ತು ನೋಡಿ ಬಿಚ್ಚಿದೆ. ಬೆಸುಗೆಗಳೆಲ್ಲ ಹೊಳೆಯುತ್ತಿದ್ದವು. ಮೈಕಿನ ವಯರು ಮಾತ್ರ ಗೂಡಿನೊಳಗೆ ಪೆಟ್ಟಿಗೆಯ ಹಿಂದೆ, ದೇವರ ಫೋಟೊದ ಮರೆಯಲ್ಲಿ, ಎರಡು ತುಂಡಾಗಿತ್ತು. ಇಲಿ ಕಡಿದರೆ ತುದಿ ಚಿಂದಿಯಾಗುತ್ತದೆ. ಇದು ಒಂದೇ ಏಟಿಗೆ, ಅಡಿಕೆ ಕತ್ತರಿಸಿದ ಹಾಗೆ, ನೇರವಾಗಿ ತುಂಡಾಗಿತ್ತು. ಬೆಳಕಿಗೆ ಹಿಡಿದು ನೋಡಿದೆ. ಕತ್ತರಿಸಿದ ತುದಿಗೆ ಸುಣ್ಣ ಅಂಟಿತ್ತು. ಹಿಂದೆ ತಿರುಗಿದರೆ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ.

"ಇಲಿ ಕಣ್ ಮಗಾ," ಎಂದಳು.

ನಾನು ವಯರಿನ ತುದಿಯನ್ನು ಅವಳ ಮುಂದೆ ಹಿಡಿದೆ. ಅವಳು ಸುಣ್ಣವನ್ನು ನೋಡಿದಳು, ನನ್ನನ್ನು ನೋಡಿದಳು. ಹತ್ತಿರ ಬಂದು ಕಂಬಳಿಯ ಮೇಲೆ ಕುಳಿತು, ನನ್ನನ್ನೂ ಎಳೆದು ಕೂರಿಸಿಕೊಂಡಳು.

"ಯಾಕಜ್ಜಿ ಕತ್ತರ್ಸಿದೆ?"

"ಕೋಟೆಯೋಳು ಅವತ್ತು ಅತ್ತದ್ದು ದಿಟ. ಅದು ನಂಗೆ ಗೊತ್ತಾಯ್ತು. ಆಮೇಲೆ ಏನಂತಾಳೋ, ಯಾರಿಗ್ ಗೊತ್ತು. ಅದ್ರ ಮ್ಯಾಲೆ ಇನ್ನೊಂದು ಮಾತು ಕೇಳದು ಬ್ಯಾಡ ಅನ್ನಿಸ್ತು."

"ಮತ್ತೆ ಬೆಸೆದು ಕೊಡ್ಲಾ?"

"ಬ್ಯಾಡ."

"ಅಂಗಾದ್ರೆ ಪೆಟ್ಟಿಗೆ ತಗ್ದು ಒಳಕ್ಕೆ ಮಡಗ್ಬುಡ್ಲಾ?"

ಅಜ್ಜಿ ನನ್ನ ಕೈ ತಡೆದಳು. ನಡುಮನೆಯಾಚೆ ಅಡುಗೆಮನೆಯಲ್ಲಿ ಅವ್ವ ಓಡಾಡುತ್ತಿದ್ದಳು, ಬಾಯಿ ಅಲ್ಲಾಡುತ್ತಿತ್ತು. ಅಜ್ಜಿ ಬಗ್ಗಿ ಗೂಡಿನೊಳಗೆ ಕೈ ಹಾಕಿ ಪೆಟ್ಟಿಗೆಯನ್ನು ಬಾಗಿಲಿಗೆ ಇನ್ನೂ ಸ್ವಲ್ಪ ಎದುರಾಗಿ ತಿರುಗಿಸಿದಳು.

"ದೀಪ ಉರೀಲಿ ಬುಡು ಮಗಾ. ನಾ ಕೇಳ್ತಾ ಇವ್ನಿ ಅಂತ ಅವ್ರಿಗೆ ಗೊತ್ತಿರ್ಬೇಕು."